ತೋಳಲ್ಲೊಂದು ನಳಿಕೆ, ಕೈಗೆಟುಕುವಲ್ಲಿ ಥರ್ಮಾಮೀಟರ್: ಕೀಮೋ ದಿನಗಳಲ್ಲಿ ಪಿಕ್ ಲೈನ್ ಜೊತೆ ಬದುಕೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿದ್ದೀರಾ? ಹಾಗಾದ್ರೆ ಒಂದು ಸಣ್ಣ ಕೆಲಸ ಮಾಡಿ. ಎಡಗೈ ಬೆರಳಿಂದ ನಿಮ್ಮ ಬಲತೋಳಿನ ಒಳಭಾಗ ಮುಟ್ಟಿ ನೋಡಿ. ಮೊಣಕೈಗಿಂತ ನಾಲ್ಕು ಬೆರಳು ಮೇಲೆ. ಅಲ್ಲಿಂದ ಒಂದು ತೆಳ್ಳನೆಯ ನಳಿಕೆ ಒಳಗೆ ಹೋಗಿ, ಕಂಕುಳ ಹತ್ತಿರ ಹಾದು, ಎದೆಗೂಡಿನ ಒಳಗೆ ಇಳಿದು, ಹೃದಯದ ಬಾಗಿಲ ತನಕ ಮುಟ್ಟಿದೆ ಅಂದ್ಕೊಳ್ಳಿ. ಅದರ ಇನ್ನೊಂದು ತುದಿ ತೋಳಿನಿಂದ ಹೊರಗೆ ನೇತಾಡ್ತಾ ಇದೆ. ಹೀಗೇ ಆರು ತಿಂಗಳು. ಊಟ, ನಿದ್ದೆ, ಸ್ನಾನ, ಮನೆಯವರ ಜೊತೆ ಜಗಳ, ಎಲ್ಲಾ ಅದನ್ನ ಇಟ್ಕೊಂಡೇ.

ಅದೇ ಪಿಕ್ ಲೈನ್. ನಮ್ಮಮ್ಮ ಅದಕ್ಕೆ ಇಟ್ಟ ಹೆಸರು ‘ಬಾಲ’. "ನನ್ನ ಬಾಲ ಎಳೀಬೇಡ ಕಣೋ" ಅಂತಿದ್ರು.

ನಾನು ಡಾಕ್ಟರ್ ಅಲ್ಲ, ಬಿ.ಕಾಂ. ಓದಿದವನು. ಅಮ್ಮನಿಗೆ ಸ್ತನ ಕ್ಯಾನ್ಸರ್ ಬಂದಾಗ ತುಮಕೂರಿಂದ ಬೆಂಗಳೂರಿಗೆ ಓಡಾಡಿ, ಸಿಸ್ಟರ್‌ಗಳ ಹತ್ತಿರ ಬೈಸಿಕೊಂಡು, ಒಂದು ಸಲ ದೊಡ್ಡದಾಗಿ ಹೆದರಿ ಕಲಿತದ್ದನ್ನ ಇವತ್ತು ಹೇಳ್ತೀನಿ. ನಿಮ್ಮ ಆಸ್ಪತ್ರೆಯವರು ಹೇಳಿದ್ದು ಇದಕ್ಕಿಂತ ಬೇರೆ ಇದ್ರೆ ಅವರ ಮಾತೇ ಕೇಳಿ. ನನ್ನದು ಮನೆಯ ಕಡೆಯಿಂದ ನೋಡಿದ ಕಥೆ.

ಇದು ಯಾಕೆ ಬೇಕು?

ಆಸ್ಪತ್ರೆಯಲ್ಲಿ "ನರ ಸಿಗ್ತಿಲ್ಲ" ಅನ್ನೋ ಮಾತು ಕೇಳಿರ್ತೀರಿ. ಡ್ರಿಪ್ ಹಾಕೋಕೆ ಅವರು ಹುಡುಕೋದು ನಿಜಕ್ಕೂ ನರ ಅಲ್ಲ, ರಕ್ತನಾಳ. ಕೈಯ ರಕ್ತನಾಳಗಳು ಸಣ್ಣವು. ಪದೇ ಪದೇ ಚುಚ್ಚಿದ್ರೆ, ಅದರೊಳಗೆ ಕೀಮೋ ಔಷಧಿ ಹರಿದ್ರೆ ಅವು ಗಟ್ಟಿಯಾಗ್ತವೆ, ನೋಯ್ತವೆ, ಕೊನೆಗೆ ಕೈ ಕೊಡ್ತವೆ.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಕೆಲವು ಕೀಮೋ ಔಷಧಿಗಳು ರಕ್ತನಾಳದಿಂದ ಹೊರಗೆ ಸೋರಿದ್ರೆ ಸುತ್ತಲಿನ ಚರ್ಮ, ಮಾಂಸ ಸುಟ್ಟ ಹಾಗೆ ಆಗುತ್ತೆ. ಡಾಕ್ಸೋರುಬಿಸಿನ್ ಅಂಥದ್ದೊಂದು. ಕೆಂಪು ಬಣ್ಣದ ಔಷಧಿ ಅದು. ಹಾಕಿಸಿಕೊಂಡ ಮೇಲೆ ಒಂದೆರಡು ದಿನ ಮೂತ್ರ ಕೂಡ ಕೆಂಪಗೆ ಹೋಗುತ್ತೆ. ಅಮ್ಮ ರಕ್ತ ಅಂದ್ಕೊಂಡು ಗಾಬರಿಯಾಗಿದ್ರು.

ಇಂಥ ಔಷಧಿಯನ್ನ ಸಣ್ಣ ಕಾಲುವೆಗೆ ಬಿಡೋ ಬದಲು ನೇರವಾಗಿ ದೊಡ್ಡ ಹೊಳೆಗೆ ಬಿಡೋದೇ ಪಿಕ್ ಲೈನ್‌ನ ಉಪಾಯ. ನಳಿಕೆಯ ಒಳತುದಿ ಇರೋದು ಸುಪೀರಿಯರ್ ವೀನಾ ಕೇವಾ ಅನ್ನೋ ದೊಡ್ಡ ರಕ್ತನಾಳದಲ್ಲಿ, ಹೃದಯಕ್ಕೆ ಸೇರುವ ಜಾಗದ ಹತ್ತಿರ. ಅಲ್ಲಿ ರಕ್ತದ ಹರಿವು ಎಷ್ಟು ಜೋರು ಅಂದ್ರೆ ಔಷಧಿ ಬೀಳ್ತಿದ್ದ ಹಾಗೇ ರಕ್ತದಲ್ಲಿ ಬೆರೆತು ತೆಳುವಾಗುತ್ತೆ.

ಕೈಯಿಂದ ಹೃದಯಕ್ಕೆ ನಳಿಕೆ ತೂರಿಸಬಹುದು ಅಂತ ತೋರಿಸಿಕೊಟ್ಟವರ ಕಥೆ ಸಿನಿಮಾ ಥರ ಇದೆ. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಅನ್ನೋ ಊರಿನ ಆಸ್ಪತ್ರೆಯಲ್ಲಿ ವರ್ನರ್ ಫೋರ್ಸ್‌ಮನ್ ಅನ್ನೋ ಯುವ ಡಾಕ್ಟರ್, ಮೇಲಿನವರು ಬೇಡ ಅಂದ್ರೂ ಕೇಳದೆ, ತನ್ನದೇ ಎಡಗೈ ರಕ್ತನಾಳದೊಳಗೆ ಸುಮಾರು 65 ಸೆಂಟಿಮೀಟರ್ ನಳಿಕೆ ತೂರಿಸಿಕೊಂಡ. ಆಮೇಲೆ ನಡೆದುಕೊಂಡೇ ಎಕ್ಸ್‌ರೇ ಕೋಣೆಗೆ ಹೋಗಿ, ನಳಿಕೆ ಹೃದಯ ಮುಟ್ಟಿರೋದರ ಚಿತ್ರ ತೆಗೆಸಿದ. 1956ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಮೂವರಲ್ಲಿ ಅವನೂ ಒಬ್ಬ. ಅಮ್ಮನಿಗೆ ಈ ಕಥೆ ಹೇಳಿದೆ. "ಅವನಿಗೆ ಅಮ್ಮ ಇರ್ಲಿಲ್ವಾ, ಎರಡು ಬಿಡೋಕೆ?" ಅಂದ್ರು.

ಹಾಕುವ ದಿನ

ದೊಡ್ಡ ಆಪರೇಷನ್ ಏನಲ್ಲ. ಅಲ್ಟ್ರಾಸೌಂಡ್ ಇಟ್ಟು ರಕ್ತನಾಳ ನೋಡ್ತಾರೆ, ಆ ಜಾಗ ಮಾತ್ರ ಮರಗಟ್ಟಿಸೋ ಇಂಜೆಕ್ಷನ್ ಕೊಡ್ತಾರೆ, ನಳಿಕೆ ಒಳಗೆ ಕಳಿಸ್ತಾರೆ. ತುದಿ ಸರಿಯಾದ ಜಾಗದಲ್ಲಿದೆಯಾ ಅಂತ ಎಕ್ಸ್‌ರೇಯಲ್ಲೋ ಇಸಿಜಿ ಮೂಲಕವೋ ಖಾತ್ರಿ ಮಾಡ್ಕೋತಾರೆ. ಅಮ್ಮ ಎಚ್ಚರವಾಗೇ ಇದ್ರು. ಇಂಜೆಕ್ಷನ್ನಿನ ಚುರುಕು ಬಿಟ್ರೆ ಬೇರೆ ನೋವು ಅಷ್ಟಾಗಿ ಆಗಲಿಲ್ಲ ಅಂದ್ರು.

ಅಮ್ಮನ ಗಡ್ಡೆ ಎಡಗಡೆ ಇದ್ದಿದ್ದರಿಂದ ಲೈನ್ ಬಲಗೈಗೆ ಬಂತು. ಅಮ್ಮ ಬಲಗೈಯವರು. ಅಲ್ಲಿಂದ ಮನೆಯ ಕೆಲಸಗಳ ಹಂಚಿಕೆಯೇ ಬದಲಾಯ್ತು.

ಆ ದಿನ ಎರಡು ಸಂಖ್ಯೆ ಬರೆದಿಟ್ಕೊಳ್ಳಿ: ಒಳಗೆ ಎಷ್ಟು ಸೆಂಟಿಮೀಟರ್ ಇದೆ, ಹೊರಗೆ ಎಷ್ಟು ಸೆಂಟಿಮೀಟರ್ ಇದೆ. ಕಾರಣ ಮುಂದೆ ಗೊತ್ತಾಗುತ್ತೆ.

ವಾರದ ಲೆಕ್ಕ

ಲೈನ್ ಹಾಕೋದು ಒಂದು ದಿನದ ಕೆಲಸ, ಅದನ್ನ ನೋಡ್ಕೊಳ್ಳೋದು ವಾರವಾರದ ಕೆಲಸ. ಅಮ್ಮನಿಗೆ ಮೊದಲು ಮೂರು ವಾರಕ್ಕೊಂದರಂತೆ ನಾಲ್ಕು ಕೀಮೋ, ಆಮೇಲೆ ವಾರಕ್ಕೊಂದರಂತೆ ಹನ್ನೆರಡು. ಮೂರು ವಾರಕ್ಕೊಮ್ಮೆ ಕೀಮೋ ಇದ್ದಾಗಲೂ ಲೈನ್ ಮಾತ್ರ ಪ್ರತೀ ವಾರ ಗಮನ ಕೇಳುತ್ತೆ. ಮುಖ್ಯವಾಗಿ ಮೂರು ಕೆಲಸ.

ಒಂದು, ಡ್ರೆಸ್ಸಿಂಗ್. ಲೈನ್ ಚರ್ಮದೊಳಗೆ ಹೋಗೋ ಜಾಗದ ಮೇಲೆ ಅಂಟಿಸಿರೋ ಪಾರದರ್ಶಕ ಪ್ಲಾಸ್ಟರನ್ನ ಸಾಮಾನ್ಯವಾಗಿ ಏಳು ದಿನಕ್ಕೊಮ್ಮೆ ಬದಲಾಯಿಸಬೇಕು. ಗಾಜ್ ಬಟ್ಟೆ ಇಟ್ಟಿದ್ರೆ ಎರಡು ದಿನಕ್ಕೊಮ್ಮೆ. ಒದ್ದೆಯಾದ್ರೆ, ಅಂಚು ಎದ್ದುಬಂದ್ರೆ ದಿನ ಎಣಿಸ್ತಾ ಕೂರೋ ಹಾಗಿಲ್ಲ, ಆವತ್ತೇ ಬದಲಾಯಿಸಬೇಕು.

ಎರಡು, ಫ್ಲಶ್. ಲೈನ್ ಒಳಗೆ ರಕ್ತ ಹೆಪ್ಪುಗಟ್ಟದ ಹಾಗೆ ಸಲೈನ್ ನೀರು ತಳ್ಳಿ ತೊಳೆಯೋದು. ಬಳಸದೇ ಇದ್ದಾಗಲೂ ವಾರಕ್ಕೊಮ್ಮೆ ಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಸಿರಿಂಜ್ 10 ಎಂಎಲ್ ಗಾತ್ರದ್ದೇ ಇರಬೇಕು, ಅದಕ್ಕಿಂತ ಚಿಕ್ಕದು ಬೇಡ. ಸಿರಿಂಜ್ ಸಣ್ಣದಾದಷ್ಟೂ ಒತ್ತಡ ಜಾಸ್ತಿ, ನಳಿಕೆ ಒಡೆಯಬಹುದು. ತಳ್ಳೋದೂ ಒಂದೇ ಸಮ ಅಲ್ಲ. ಸ್ವಲ್ಪ ತಳ್ಳಿ, ನಿಲ್ಲಿಸಿ, ಮತ್ತೆ ಸ್ವಲ್ಪ ತಳ್ಳಿ. ಒಳಗೆ ಹೋಗ್ತಿಲ್ಲ ಅಂದ್ರೆ ಬಲವಂತ ಮಾಡಲೇಬಾರದು. ನಿಲ್ಲಿಸಿ ಆಸ್ಪತ್ರೆಗೆ ಫೋನ್ ಮಾಡಿ.

ಮೂರು, ತುದಿಯ ಕ್ಯಾಪ್. ಸಿರಿಂಜ್ ಸೇರಿಸೋ ಮೊದಲು ಪ್ರತೀ ಸಲ ಆ ಕ್ಯಾಪನ್ನ ಸ್ಪಿರಿಟ್ ಹಾಕಿದ ಸ್ವ್ಯಾಬ್‌ನಿಂದ ಹದಿನೈದು ಸೆಕೆಂಡಾದ್ರೂ ಚೆನ್ನಾಗಿ ಉಜ್ಜಬೇಕು. ಆಮೇಲೆ ತಾನಾಗೇ ಒಣಗೋಕೆ ಬಿಡಬೇಕು. ‘ತಾನಾಗೇ’ ಅನ್ನೋ ಪದ ನೆನಪಿಟ್ಕೊಳ್ಳಿ. ಅದರ ಕಥೆ ಸ್ವಲ್ಪ ಹೊತ್ತಲ್ಲಿ ಬರುತ್ತೆ.

ಪ್ರತೀ ವಾರ ಬೆಂಗಳೂರಿಗೆ ಹೋಗೋದು ಅಂದ್ರೆ ಅಮ್ಮನಿಗೆ ಸುಸ್ತು, ನನಗೆ ಒಂದು ದಿನದ ಕೆಲಸ ಹೋಯ್ತು. ನಮ್ಮೂರಲ್ಲಿ ಎರಡು ಕಡೆ ವಿಚಾರಿಸಿದ್ವಿ. ಒಂದು ಕಡೆ "ಇದನ್ನ ನಾವು ಮುಟ್ಟಲ್ಲ" ಅಂದ್ರು. ಮೊದಲು ಬೇಜಾರಾಯ್ತು. ಆಮೇಲೆ ಅನ್ನಿಸ್ತು, ಗೊತ್ತಿಲ್ಲದೆ ಮುಟ್ಟೋದಕ್ಕಿಂತ ಆ ಮಾತೇ ವಾಸಿ. ಕೊನೆಗೆ ಡ್ರೆಸ್ಸಿಂಗ್‌ಗೆ ಬೆಂಗಳೂರೇ ಅಂತಾಯ್ತು. ವಾರದ ಮಧ್ಯ ಇನ್ನೊಂದು ಸಲ ಫ್ಲಶ್ ಮಾಡೋಕೆ ನಮ್ಮ ಆಸ್ಪತ್ರೆಯವರು ಹೇಳಿದ್ರು, ಅದನ್ನ ಸಿಸ್ಟರ್ ನನಗೇ ಕಲಿಸಿದ್ರು. ಅವರೆದುರು ಮೂರು ಸಲ ಮಾಡಿ ತೋರಿಸಿದ ಮೇಲೇ ಮನೇಲಿ ಮಾಡೋಕೆ ಬಿಟ್ಟದ್ದು. ಪಾಡ್‌ಕಾಸ್ಟ್ ಕೇಳ್ಕೊಂಡೋ ವಿಡಿಯೋ ನೋಡ್ಕೊಂಡೋ ಕಲಿಯೋ ಕೆಲಸ ಅಲ್ಲ ಇದು.

ಓಡಾಟದ ಬಗ್ಗೆ ಒಂದು ಮಾತು. ಚಿಕಿತ್ಸೆಗೆ ಹೋಗೋ ಕ್ಯಾನ್ಸರ್ ರೋಗಿಗೆ ಮತ್ತು ಜೊತೆಗಿರೋ ಒಬ್ಬರಿಗೆ ರೈಲು ಟಿಕೆಟ್‌ನಲ್ಲಿ ರಿಯಾಯಿತಿ ಇದೆ. ಆಸ್ಪತ್ರೆಯಿಂದ ನಿಗದಿತ ನಮೂನೆಯ ಸರ್ಟಿಫಿಕೇಟ್ ಬೇಕು. ನಮಗೆ ಇದು ಗೊತ್ತಾಗಿದ್ದು ಎರಡು ತಿಂಗಳಾದ ಮೇಲೆ, ವೇಟಿಂಗ್ ಹಾಲ್‌ನಲ್ಲಿ ಪಕ್ಕ ಕೂತಿದ್ದ ಅಜ್ಜಿಯಿಂದ.

ಇನ್ನು ನನ್ನ ಬಿ.ಕಾಂ. ಉಪಯೋಗಕ್ಕೆ ಬಂದದ್ದು ಒಂದೇ ಕಡೆ. ಒಂದು ನೋಟ್‌ಬುಕ್‌ನಲ್ಲಿ ಕ್ಯಾಶ್ ಬುಕ್ ಥರ ಗೆರೆ ಹಾಕಿದೆ. ತಾರೀಖು, ಡ್ರೆಸ್ಸಿಂಗ್ ಆಯ್ತಾ, ಫ್ಲಶ್ ಯಾರು ಮಾಡಿದ್ರು, ಹೊರಗೆ ಎಷ್ಟು ಸೆಂಟಿಮೀಟರ್, ಟೆಂಪರೇಚರ್ ಎಷ್ಟು. ಹೊರಗಿನ ಉದ್ದ ಹೆಚ್ಚಾದ್ರೆ ಲೈನ್ ಜಾರ್ತಿದೆ ಅಂತ ಅರ್ಥ. ಒಳಗಿನ ತುದಿ ಸರಿಯಾದ ಜಾಗದಲ್ಲಿ ಇಲ್ಲದೇ ಇರಬಹುದು. ಆಗ ಅದನ್ನ ವಾಪಸ್ ಒಳಗೆ ತಳ್ಳಬಾರದು. ಇದ್ದಲ್ಲೇ ಟೇಪ್ ಹಾಕಿ, ಆಸ್ಪತ್ರೆಗೆ ಹೋಗಿ ತೋರಿಸಬೇಕು.

ಸ್ನಾನ, ರವಿಕೆ, ಮುದ್ದೆ

ಡ್ರೆಸ್ಸಿಂಗ್ ಒದ್ದೆಯಾಗಬಾರದು. ಅಮ್ಮ ತೋಳಿಗೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ಕೆಳಗೆ ಟೇಪ್ ಹಾಕ್ಕೊಂಡು, ಕೈಯನ್ನ ಬಕೆಟ್‌ನಿಂದ ದೂರ ಚಾಚಿ, ಎಡಗೈಯಲ್ಲಿ ಚೊಂಬು ಹಿಡಿದು ಸ್ನಾನ ಮಾಡ್ತಿದ್ರು. ಈಜೋದು, ಕೆರೆ ಹೊಳೆಯಲ್ಲಿ ಮುಳುಗೋದು ಇಲ್ಲ. ಯುಗಾದಿಯ ಎಣ್ಣೆ ಸ್ನಾನಾನೂ ಆ ವರ್ಷ ಬೇಡ ಅಂತ ಬಿಟ್ವಿ. ಎಣ್ಣೆ ತಾಗಿದ್ರೆ ಪ್ಲಾಸ್ಟರ್ ನಿಲ್ಲಲ್ಲ.

ರವಿಕೆ ವಿಷಯ ಆಸ್ಪತ್ರೆಯಲ್ಲಿ ಯಾರೂ ಹೇಳಿರಲಿಲ್ಲ. ಬಿಗಿ ತೋಳಿನ ರವಿಕೆ ನಳಿಕೆಯನ್ನ ಒತ್ತುತ್ತೆ, ಬಿಚ್ಚುವಾಗ ಎಳೆಯುತ್ತೆ. ಅಮ್ಮ ಎರಡು ವಾರ ನೈಟಿಯಲ್ಲೇ ಇದ್ದು, ಹೊರಗೆ ಬರೋದನ್ನೇ ನಿಲ್ಲಿಸಿಬಿಟ್ರು. ಕಾರಣ ಕೀಮೋ ಸುಸ್ತು ಅಂದ್ಕೊಂಡಿದ್ದೆ. ಚಿಕ್ಕಮ್ಮ ಬಂದು ಕೇಳಿದಾಗಲೇ ರವಿಕೆ ವಿಷಯ ಗೊತ್ತಾಗಿದ್ದು. ಚಿಕ್ಕಮ್ಮ ಟೈಲರ್ ಹತ್ತಿರ ಹೋಗಿ ಮೂರು ರವಿಕೆಗಳ ಬಲತೋಳು ಬಿಚ್ಚಿಸಿ, ಉದ್ದಕ್ಕೆ ಪ್ರೆಸ್ ಬಟನ್ ಹಾಕಿಸಿಕೊಂಡು ಬಂದ್ರು. ಮಾರನೇ ದಿನ ಅಮ್ಮ ಸೀರೆ ಉಟ್ಕೊಂಡು ಬೀದಿ ಬಾಗಿಲಲ್ಲಿ ಕೂತಿದ್ರು. ಮನೇಲಿ ಯಾರಿಗಾದ್ರೂ ಲೈನ್ ಇದ್ರೆ, ಬಟ್ಟೆ ಹೇಗೆ ಹಾಕ್ಕೋತಿದ್ದೀರಿ ಅಂತ ಒಂದು ಮಾತು ಕೇಳಿ.

ಕೈ ಆಡಿಸಬಾರದು ಅನ್ನೋ ಭಯ ಬೇಡ. ಆಡಿಸದೇ ಇಟ್ರೇ ರಕ್ತ ಹೆಪ್ಪುಗಟ್ಟೋ ಅಪಾಯ ಹೆಚ್ಚು. ತಲೆ ಬಾಚೋದು, ಅಕ್ಕಿ ಆರಿಸೋದು, ಸಣ್ಣ ಚೆಂಡು ಅದುಮೋದು ಎಲ್ಲಾ ಮಾಡಬಹುದು. ಭಾರ ಎತ್ತೋದು, ಒಂದೇ ಸಮ ಜೋರಾಗಿ ತಿರುಗಿಸೋ ಕೆಲಸ ಬೇಡ. ಅಂದ್ರೆ ನೀರಿನ ಕೊಡ ಇಲ್ಲ, ಮುದ್ದೆ ಕೋಲೂ ಇಲ್ಲ. ಮೂವತ್ತು ವರ್ಷದಿಂದ ಅಮ್ಮನ ಕೈ ಮುದ್ದೆ ತಿಂದ ಅಪ್ಪ, ಮೊದಲ ಸಲ ತಾವೇ ಮುದ್ದೆ ತಿರುವಿದ್ರು. ಗಂಟು ಗಂಟಾಗಿತ್ತು. ಎಲ್ಲರೂ ಸುಮ್ಮನೆ ನುಂಗಿದ್ವಿ.

ಆ ಕೈಗೆ ಬಿಪಿ ಪಟ್ಟಿ ಕಟ್ಟಿಸಬಾರದು, ಸೂಜಿ ಚುಚ್ಚಿ ರಕ್ತ ತೆಗೆಸಬಾರದು. ಲ್ಯಾಬ್‌ನವರು ಗಡಿಬಿಡಿಯಲ್ಲಿ ಮರೀತಾರೆ, ನಾವೇ ಬಾಯಿಬಿಟ್ಟು ಹೇಳಬೇಕು. ಲೈನ್ ಹತ್ತಿರ ಕತ್ತರಿ, ಬ್ಲೇಡ್ ತರಲೇಬಾರದು. ಪ್ಲಾಸ್ಟರ್ ಬಿಡಿಸೋಕೂ ಸಹ.

ಆ ರಾತ್ರಿ

ಎರಡನೇ ಕೀಮೋ ಆಗಿ ಹತ್ತು ದಿನ ಆಗಿತ್ತು. ಈ ಕೀಮೋದಲ್ಲಿ ಒಂದರಿಂದ ಎರಡು ವಾರದ ನಡುವೆ ಬಿಳಿ ರಕ್ತಕಣಗಳು ತುಂಬಾ ಕೆಳಗೆ ಇಳಿದಿರ್ತವೆ. ಸೋಂಕು ಬಂದ್ರೆ ಎದುರಿಸೋಕೆ ಒಳಗೆ ಸೈನ್ಯವೇ ಇರಲ್ಲ.

ಅವತ್ತು ಫ್ಲಶ್ ದಿನ. ಒಂದು ಎಪಿಸೋಡ್ ಎಡಿಟಿಂಗ್ ಬಾಕಿ ಇತ್ತು, ನನಗೆ ಅವಸರ. ಕ್ಯಾಪ್ ಉಜ್ಜಿದೆ. ಹದಿನೈದು ಸೆಕೆಂಡ್ ಆಯ್ತಾ? ಗೊತ್ತಿಲ್ಲ, ಎಣಿಸಲಿಲ್ಲ. ಸ್ಪಿರಿಟ್ ಬೇಗ ಒಣಗಲಿ ಅಂತ ಬಾಯಿಂದ ‘ಉಫ್’ ಅಂತ ಊದಿದೆ. ಗಾಯಕ್ಕೆ ಟಿಂಚರ್ ಹಚ್ಚಿ ಊದ್ತೀವಲ್ಲ, ಹಾಗೆ. ಆಮೇಲೆ ಸಲೈನ್ ತಳ್ಳಿ, ಎದ್ದು ಲ್ಯಾಪ್‌ಟಾಪ್ ಮುಂದೆ ಕೂತೆ.

ಮುಕ್ಕಾಲು ಗಂಟೆ ಆಗಿರಬಹುದು. ಅಮ್ಮ ಎರಡು ರಗ್ಗು ಹೊದ್ದುಕೊಂಡು ಮಲಗಿದ್ರು. ಏಪ್ರಿಲ್ ತಿಂಗಳು, ಫ್ಯಾನ್ ಆಫ್. ಮಂಚ ಅಲುಗೋ ಹಾಗೆ ನಡುಗ್ತಿದ್ರು. "ಏನಮ್ಮಾ?" ಅಂದೆ. "ಏನಿಲ್ಲ ಮಗಾ, ಚಳಿ. ಮಲ್ಕೊಂಡ್ರೆ ಸರಿ ಹೋಗುತ್ತೆ. ಈ ಹೊತ್ತಲ್ಲಿ ಎಲ್ಲಿಗೆ ಹೋಗ್ತೀಯ, ಬೆಳಗ್ಗೆ ನೋಡಣ." ಅಪ್ಪ ಆಗಲೇ ಜ್ವರದ ಮಾತ್ರೆ ಕೈಯಲ್ಲಿ ಹಿಡ್ಕೊಂಡು ನಿಂತಿದ್ರು.

ಥರ್ಮಾಮೀಟರ್ ಇಟ್ಟೆ. 101.2. ಡಿಸ್ಚಾರ್ಜ್ ಫೈಲ್ ಮೇಲೆ ಸಿಸ್ಟರ್ ಕೆಂಪು ಪೆನ್ನಲ್ಲಿ ಬರೆದಿದ್ದ ಸಂಖ್ಯೆ ಕಣ್ಣಮುಂದೆ ಬಂತು: 100.4. ಅದಕ್ಕೆ ಕಾರಣ ಹುಡುಕ್ತಾ ಕೂರಬೇಡಿ, ಫೋನ್ ಮಾಡಿ ಅಂದಿದ್ರು. ಮಾಡಿದೆ. ಆ ಕಡೆಯವರು ಹೇಳಿದ್ದು ಇಷ್ಟೇ: "ಮಾತ್ರೆ ಕೊಟ್ಟು ಕಾಯಬೇಡಿ. ಬೆಂಗಳೂರಿನ ತನಕ ಬರೋದೂ ಬೇಡ. ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಬಾಗಿಲಲ್ಲೇ ಮೂರು ಮಾತು ಹೇಳಿ: ಕೀಮೋ ನಡೀತಿದೆ, ಪಿಕ್ ಲೈನ್ ಇದೆ, ಜ್ವರ ಬಂದಿದೆ."

ಆ ಮೂರು ಮಾತು ಕೆಲಸ ಮಾಡ್ತು. ಕ್ಯೂನಲ್ಲಿ ಕೂರಿಸಲಿಲ್ಲ. ಲೈನ್‌ನಿಂದ ಒಂದು, ಇನ್ನೊಂದು ಕೈಯಿಂದ ಒಂದು ಅಂತ ರಕ್ತ ತೆಗೆದು ಕಲ್ಚರ್‌ಗೆ ಕಳಿಸಿದ್ರು. ರಿಪೋರ್ಟ್‌ಗೆ ಕಾಯದೆ ಆ್ಯಂಟಿಬಯೋಟಿಕ್ ಶುರು ಮಾಡಿದ್ರು. ಬೆಳಗಿನ ಜಾವ ಅಮ್ಮನ ಬಿಪಿ ಇಳಿಯೋಕೆ ಶುರುವಾಯ್ತು. ಆಗ ಡ್ರಿಪ್ ಓಡ್ತಾ ಇತ್ತು, ಡಾಕ್ಟರ್ ಪಕ್ಕದಲ್ಲೇ ಇದ್ರು. ಮನೇಲಿ ಮಾತ್ರೆ ನುಂಗಿ ಮಲಗಿದ್ರೆ ಆ ಹೊತ್ತಿಗೆ ನಾವೆಲ್ಲಾ ನಿದ್ದೆಯಲ್ಲಿ ಇರ್ತಿದ್ವಿ. ಅದನ್ನ ಯೋಚನೆ ಮಾಡಿದ್ರೆ ಇವತ್ತಿಗೂ ಕೈ ತಣ್ಣಗಾಗುತ್ತೆ.

ಸೋಂಕು ಲೈನ್‌ನಲ್ಲೇ ಇತ್ತು. ಅದನ್ನ ತೆಗೆದ್ರು. ಒಂಬತ್ತು ದಿನ ಆಸ್ಪತ್ರೆ, ಮೂರನೇ ಕೀಮೋ ಮುಂದಕ್ಕೆ ಹೋಯ್ತು. ನಾನು ಊದಿದ್ದರಿಂದಲೇ ಆಯ್ತಾ ಅಂತ ಡಾಕ್ಟರನ್ನ ಕೇಳಿದೆ. "ಹೇಳೋಕೆ ಆಗಲ್ಲ. ಎಲ್ಲಾ ಸರಿಯಾಗಿ ಮಾಡಿದ್ರೂ ಆಗಬಹುದು. ಆದ್ರೆ ಊದಬೇಡಿ" ಅಂದ್ರು. ಬಾಯಿ ಅನ್ನೋದು ಸೂಕ್ಷ್ಮಾಣುಗಳ ಸಂತೆ. ಉಜ್ಜಿ ಶುದ್ಧ ಮಾಡಿದ ಜಾಗದ ಮೇಲೆ ನಾನು ಆ ಸಂತೆಯನ್ನೇ ಕಳಿಸಿದ್ದೆ. ಅಮ್ಮನಿಗೆ ಈ ವಿಷಯ ಹೇಳೋಕೆ ನನಗೆ ಒಂದು ತಿಂಗಳು ಬೇಕಾಯ್ತು.

ಯಾವಾಗ ಓಡಬೇಕು?

ಇದನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ.

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 38 ಸೆಲ್ಸಿಯಸ್ ಮುಟ್ಟಿದ್ರೆ. ಅಥವಾ ಫ್ಲಶ್ ಆದ ಮೇಲೆ ಚಳಿ ನಡುಕ ಬಂದ್ರೆ: ಕೂಡಲೇ ಆಸ್ಪತ್ರೆ. ಟೆಂಪರೇಚರ್ ನೋಡದೆ ಜ್ವರದ ಮಾತ್ರೆ ಕೊಡಬೇಡಿ. ಮಾತ್ರೆ ಜ್ವರವನ್ನ ಮುಚ್ಚಿಡುತ್ತೆ, ಸೋಂಕನ್ನ ಅಲ್ಲ.

ಲೈನ್ ಜಾಗದಲ್ಲಿ ಕೆಂಪು, ನೋವು, ಕೀವು ಕಂಡ್ರೆ: ಅದೇ ದಿನ ತೋರಿಸಿ.

ತೋಳು, ಭುಜ, ಕುತ್ತಿಗೆ ಊದಿಕೊಂಡ್ರೆ ಅಥವಾ ನೋವು ಬಂದ್ರೆ: ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ತೋರಿಸಿ.

ನಳಿಕೆ ಸೀಳಿದ್ರೆ ಅಥವಾ ತುಂಡಾದ್ರೆ: ಒಡೆದ ಜಾಗಕ್ಕೂ ದೇಹಕ್ಕೂ ನಡುವೆ ಮಡಚಿ ಬಿಗಿಯಾಗಿ ಹಿಡಿದು, ಕ್ಲಾಂಪ್ ಇದ್ರೆ ಹಾಕಿ, ಹಾಗೇ ಆಸ್ಪತ್ರೆಗೆ ಹೋಗಿ.

ಇದ್ದಕ್ಕಿದ್ದಂತೆ ಉಸಿರು ಕಟ್ಟಿದ್ರೆ, ಎದೆ ನೋವು ಬಂದ್ರೆ: ಗಾಳಿ ಒಳಗೆ ಹೋಗಿರಬಹುದು. ಲೈನ್ ಕ್ಲಾಂಪ್ ಮಾಡಿ, ಎಡಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ.

ಪೋರ್ಟ್ ಹಾಕಿಸಬಹುದಾ?

ಕೀಮೋ ಪೋರ್ಟ್ ಅಂತ ಇನ್ನೊಂದಿದೆ. ಎದೆಯ ಮೇಲ್ಭಾಗದಲ್ಲಿ ಚರ್ಮದ ಕೆಳಗೆ ಪುಟ್ಟ ಡಬ್ಬಿ ಥರ ಇಡ್ತಾರೆ. ಹೊರಗೆ ಬಾಲ ಇರಲ್ಲ, ವಾರದ ಡ್ರೆಸ್ಸಿಂಗ್ ಇಲ್ಲ, ಗಾಯ ಮಾಗಿದ ಮೇಲೆ ಆರಾಮಾಗಿ ಸ್ನಾನ. 2021ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ, ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಪಿಕ್ ಲೈನ್‌ಗಿಂತ ಪೋರ್ಟ್‌ನಲ್ಲಿ ತೊಂದರೆಗಳು ಕಡಿಮೆ ಅಂತ ಕಂಡುಬಂತು. ಆದ್ರೆ ಹಾಕೋಕೂ ತೆಗೆಯೋಕೂ ಸಣ್ಣ ಆಪರೇಷನ್ ಬೇಕು, ಶುರುವಿನ ಖರ್ಚು ಜಾಸ್ತಿ, ಪ್ರತೀ ಸಲ ಚರ್ಮದ ಮೂಲಕ ವಿಶೇಷ ಸೂಜಿ ಚುಚ್ಚಬೇಕು.

ಪಿಕ್ ಲೈನ್ ಅಗ್ಗ ಅಂತ ನಾವು ಒಪ್ಪಿದ್ದು. ಆದ್ರೆ ಡ್ರೆಸ್ಸಿಂಗ್ ಸಾಮಾನು, ಓಡಾಟ, ಹೋದ ಕೂಲಿ ಎಲ್ಲಾ ಸೇರಿಸಿ ಆರು ತಿಂಗಳ ಲೆಕ್ಕ ಹಾಕಿರಲಿಲ್ಲ. ಬಿ.ಕಾಂ. ಓದಿದವನೇ ಹಾಕಿರಲಿಲ್ಲ. ನೀವು ಮೊದಲೇ ಕೇಳಿ: ಕೀಮೋ ಎಷ್ಟು ತಿಂಗಳು? ವಾರದ ಡ್ರೆಸ್ಸಿಂಗ್ ಎಲ್ಲಿ, ಯಾರು ಮಾಡ್ತಾರೆ? ಆಯುಷ್ಮಾನ್ ಕಾರ್ಡ್‌ನಲ್ಲೋ ಇನ್ಶೂರೆನ್ಸ್‌ನಲ್ಲೋ ಯಾವುದು ಬರುತ್ತೆ? ಆಮೇಲೆ ಡಾಕ್ಟರ್ ಜೊತೆ ಕೂತು ತೀರ್ಮಾನ ಮಾಡಿ.

ಕೊನೆಗೆ

ಸೋಂಕು ಪೂರ್ತಿ ಹೋದ ಮೇಲೆ ಅಮ್ಮನಿಗೆ ಪೋರ್ಟ್ ಹಾಕಿದ್ರು. ಉಳಿದ ಕೀಮೋ ಎಲ್ಲಾ ಅದರಲ್ಲೇ ಆಯ್ತು, ಆಮೇಲೆ ಆಪರೇಷನ್ನೂ ಆಯ್ತು. ಈಗ ಮೂರು ತಿಂಗಳಿಗೊಮ್ಮೆ ಚೆಕಪ್‌ಗೆ ಹೋಗ್ತೀವಿ. ಊದಿದ ವಿಷಯ ಕೊನೆಗೂ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, "ನಾನೂ ನಡುಕ ಬಂದು ಅರ್ಧ ಗಂಟೆ ಆದ್ರೂ ನಿನ್ನ ಕರೀಲಿಲ್ಲ. ಕೆಲಸ ಮಾಡ್ತಿದ್ದೆ ನೀನು" ಅಂದ್ರು.

ನನಗೆ ಅದು ಗೊತ್ತೇ ಇರಲಿಲ್ಲ.

ನಮ್ಮ ಮನೆಗಳಲ್ಲಿ ಅಮ್ಮಂದಿರು ಹೀಗೇ. ತೊಂದರೆ ಕೊಡಬಾರದು ಅಂತ ನಡುಕವನ್ನೂ ರಗ್ಗಿನೊಳಗೆ ಮುಚ್ಚಿಡ್ತಾರೆ. ಅದಕ್ಕೇ ಅವರು ಕರೀಲಿ ಅಂತ ಕಾಯಬೇಡಿ, ನೀವೇ ಹೋಗಿ ಹಣೆ ಮುಟ್ಟಿ. ಇವತ್ತು ರಾತ್ರಿ ಮಲಗೋ ಮೊದಲು ಮೂರು ಕೆಲಸ ಮಾಡಿ. ಆಸ್ಪತ್ರೆಯ ರಾತ್ರಿ ಹೊತ್ತಿನ ನಂಬರ್ ಮನೆಯವರೆಲ್ಲರ ಫೋನಲ್ಲೂ ಸೇವ್ ಮಾಡಿ. ಥರ್ಮಾಮೀಟರ್ ಬ್ಯಾಟರಿ ಇದೆಯಾ ನೋಡಿ. ಆ ಮೂರು ಮಾತನ್ನ ಮನೆಯವರೆಲ್ಲರಿಗೂ ಕಲಿಸಿ: ಕೀಮೋ ನಡೀತಿದೆ, ಪಿಕ್ ಲೈನ್ ಇದೆ, ಜ್ವರ ಬಂದಿದೆ.

ಗೊತ್ತಿರೋ ಯಾರ ಮನೇಲಾದ್ರೂ ಕೀಮೋ ನಡೀತಿದ್ರೆ ಈ ಸಂಚಿಕೆ ಅವರಿಗೆ ಕಳಿಸಿ. ಮುಂದಿನ ವಾರ ಸಿಗೋಣ.